ಕಾರಿನ ಕಿರ್ ಕಿರ್ ಸದ್ದು ಎಲ್ಲಿಂದ ಅಂತ ಹಿಡಿಯಲು
ಕಾರಿನೊಳಗೆ ಎಲ್ಲೋ ಕಿರ್ ಕಿರ್ ಅನ್ನುತ್ತಿದ್ದರೆ ಸ್ಟೀರಿಂಗ್ ಬೇರೆಯವರಿಗೆ ಕೊಡಿ. ನೀವು ಬೆಲ್ಟ್ ಹಾಕಿಕೊಂಡು ಪಕ್ಕದಲ್ಲಿ ಕೂತು ಬಾಗಿಲಿನ ಪ್ಯಾನೆಲ್, ಗ್ಲೋವ್ ಬಾಕ್ಸ್ ಮುಚ್ಚಳ, ಎಸಿ ಕಿಂಡಿಯ ಅಂಚು ಹೀಗೆ ಒಂದೊಂದನ್ನೇ ಅಂಗೈಯಿಂದ ಒತ್ತಿ ಹಿಡಿಯಿರಿ. ಎಲ್ಲಿ ಒತ್ತಿದಾಗ ಸದ್ದು ನಿಲ್ಲುತ್ತದೋ ಕಳ್ಳ ಅಲ್ಲೇ ಇದ್ದಾನೆ. ಎರಡು ಪ್ಲಾಸ್ಟಿಕ್ ತುಂಡುಗಳು ಅಂಟಿ ಜಾರಿ, ಅಂಟಿ ಜಾರಿ ಉಜ್ಜಿಕೊಳ್ಳುವುದರಿಂದಲೇ ಈ ಸದ್ದು. ಬಿಗಿಯಾಗಿ ಒತ್ತಿದರೆ ಆ ಅಲುಗಾಟ ನಿಲ್ಲುತ್ತದೆ. ಬರೀ ಕಿವಿ ನಂಬಿದರೆ ಆಗಲ್ಲ, ಎಡಗಡೆಯ ಸದ್ದು ಕೆಲವೊಮ್ಮೆ ಬಲಗಡೆಯಿಂದ ಬಂದ ಹಾಗೆ ಕೇಳಿಸುತ್ತದೆ. ಏರ್‌ಬ್ಯಾಗ್ ಮುಚ್ಚಳದ ಮೇಲೆ ಮಾತ್ರ ಓಡುವಾಗ ಕೈ ಇಡಲೇಬೇಡಿ. ಜಾಗ ಸಿಕ್ಕ ಮೇಲೆ ಸಂದಿಯಲ್ಲಿ ಒಂದು ತುಂಡು ಫೆಲ್ಟ್ ಟೇಪ್ (ಮೆತ್ತನೆ ಬಟ್ಟೆಯಂಥ ಅಂಟುಪಟ್ಟಿ) ಸಾಕು. ಗುಂಡಿ ಹಾರುವಾಗ ಮಾತ್ರ ಕೆಳಗಿನಿಂದ ಬರುವ ಸದ್ದಿಗೆ ಈ ಒತ್ತಿ ನೋಡುವ ಉಪಾಯ ಕೆಲಸ ಮಾಡಲ್ಲ. ಆಗ ಗಾಡಿ ನಿಲ್ಲಿಸಿ, ಗಾಡಿಯ ಒಂದು ಮೂಲೆಯನ್ನು ಜೋರಾಗಿ ಅದುಮಿ ಬಿಡುತ್ತಾ, ಚಕ್ರದ ಕುಲುಕಾಟ ತಡೆಯುವ ಸಸ್ಪೆನ್ಷನ್‌ನ ಕೀಲುಗಳಲ್ಲಿ ಕೂರುವ ರಬ್ಬರ್ ಬುಷ್‌ಗಳಿಗೆ ಒಂದೊಂದಾಗಿ ನೀರು ಸಿಂಪಡಿಸಿ. ನೀರು ಬಿದ್ದಾಗ ಯಾವುದು ಸುಮ್ಮನಾಗುತ್ತದೋ ಅದರದ್ದೇ ತೊಂದರೆ. ಅದಕ್ಕೆ ಮಾಮೂಲಿ ಗ್ರೀಸ್ ಬಳಿಯಬೇಡಿ, ರಬ್ಬರ್ ಉಬ್ಬಿ ಹಾಳಾಗುತ್ತದೆ. ಬ್ರೇಕ್ ಒತ್ತಿದಾಗ ಸದ್ದು ಬದಲಾದರೆ ಮಾತ್ರ ಸುಮ್ನೆ ಹುಡುಕುತ್ತಾ ಕೂರದೆ ಮೊದಲು ಮೆಕ್ಯಾನಿಕ್‌ಗೆ ತೋರಿಸಿ.