ಸೊಂಟದ ಕೆಳಗಿನ ಆ ಸಣ್ಣ ಸಂದಿ

ಚಾಪೆ ಹಾಸಿ ಅಂಗಾತ ಮಲಗಿ. ಒಂದು ಕಾಲು ಮಡಚಿ, ಇನ್ನೊಂದು ನೀಡಿ. ಈಗ ಸೊಂಟದ ಕೆಳಗೆ ಅಂಗೈ ತೂರಿಸಿ ನೋಡಿ. ಸಲೀಸಾಗಿ ಹೋಗುವಷ್ಟು ಸಂದಿ ಇದೆ ಅಲ್ವಾ? ಅಲ್ಲಿರುವ 5 ಮೂಳೆಗಳು ಹುಟ್ಟಿನಿಂದಲೇ ಅಲ್ಲ, ನಡೆಯಲು ಕಲಿಯುತ್ತಾ ಒಳಗೆ ಬಾಗಿ ನಿಂತಿವೆ. ಗೂನು ಬೆನ್ನು ಮಾಡಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಾಗ ಮಾಯವಾಗುವುದು ಈ ಬಾಗೇ.

ಇಪ್ಪತ್ತರ ಹರೆಯದಲ್ಲೇ ಮೂರು ತಿಂಗಳಿಗಿಂತ ಜಾಸ್ತಿ ಸೊಂಟ ನೋಯುತ್ತಿದ್ದರೆ, ಈ ಬಾಗನ್ನು ಅಲುಗಿಸದೆ ಕೈಕಾಲು ಆಡಿಸುವುದನ್ನು ಮೊದಲು ಕಲಿಯಿರಿ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಬೆನ್ನುಮೂಳೆಯ ಬಗ್ಗೆ ಸಂಶೋಧನೆ ಮಾಡಿದ ಸ್ಟುವರ್ಟ್ ಮೆಕ್‌ಗಿಲ್ ಇದಕ್ಕೆಂದೇ ಮೂರು ವ್ಯಾಯಾಮಗಳನ್ನು ಹೇಳಿದ್ದಾರೆ.

ಮೊದಲನೆಯದಕ್ಕೆ ನೀವು ಆಗಲೇ ಮಲಗಿದ್ದೀರಿ. ಎರಡೂ ಅಂಗೈ ಸಂದಿಯಲ್ಲೇ ಇರಲಿ. ತಲೆ, ಭುಜ ಒಟ್ಟಿಗೇ ಸ್ವಲ್ಪ ಎತ್ತಿ. ತಲೆಯಡಿಯಿಂದ ಒಂದು ಪೇಪರ್ ಎಳೆಯಲು ಜಾಗವಾದರೆ ಸಾಕು. ಗಲ್ಲವನ್ನು ಎದೆಗೆ ಒತ್ತಬೇಡಿ. 10 ಸೆಕೆಂಡ್ ಹಿಡಿದು ಇಳಿಸಿ. ಉಸಿರು ಕಟ್ಟಬೇಡಿ.

ಎರಡನೆಯದು, ಪಕ್ಕಕ್ಕೆ ಮಲಗಿ, ಮೊಣಕೈಯನ್ನು ಭುಜದ ನೇರಕ್ಕೆ ಊರಿ, ಮೊಣಕಾಲು ಮಡಚಿಟ್ಟು ಸೊಂಟ ಎತ್ತುವುದು. ಎರಡೂ ಪಕ್ಕ ಮಾಡಿ.

ಮೂರನೆಯದೇ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಅಂಬೆಗಾಲಿನಲ್ಲಿ ನಿಲ್ಲಿ. ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ನೀಡಿ. ಸೊಂಟದ ಮೇಲೆ ನೀರು ತುಂಬಿದ ಲೋಟ ಇದೆ ಅಂದುಕೊಳ್ಳಿ. ಹನಿಯೂ ಚೆಲ್ಲಬಾರದು. ಎಲ್ಲರೂ ತಪ್ಪುವುದು ಇಲ್ಲೇ: ಕಾಲನ್ನು ಸೊಂಟಕ್ಕಿಂತ ಮೇಲೆ ಎತ್ತುತ್ತಾರೆ, ಲೋಟ ಉರುಳುತ್ತದೆ. ಕೈ ನೀಡಲು ಕಷ್ಟವಾದರೆ ಮೊದಲ ವಾರ ಬರೀ ಕಾಲು ಸಾಕು. ಕನ್ನಡಿ ಪಕ್ಕದಲ್ಲಿದ್ದರೆ ಒಳ್ಳೆಯದು.

ಪ್ರತಿಯೊಂದನ್ನೂ 6 ಸಲ ಮಾಡಿ, ಸ್ವಲ್ಪ ಸುಧಾರಿಸಿಕೊಂಡು 4 ಸಲ, ಆಮೇಲೆ 2 ಸಲ. ಹೆಚ್ಚು ಹೊತ್ತು ಹಿಡಿದು ನರಳಬೇಡಿ. ಇಲ್ಲಿ ಬೇಕಿರುವುದು ತಾಳಿಕೆ, ಬಲಪ್ರದರ್ಶನ ಅಲ್ಲ. ಎದ್ದ ಕೂಡಲೇ ಬೇಡ. ರಾತ್ರಿಯೆಲ್ಲ ಬೆನ್ನುಮೂಳೆಗಳ ನಡುವಿನ ಡಿಸ್ಕ್ ಎಂಬ ಮೆತ್ತೆಗಳು ನೀರು ಹೀರಿ ಉಬ್ಬಿರುತ್ತವೆ, ಬಾಗಿದರೆ ಅವುಗಳ ಮೇಲೆ ಒತ್ತಡ ಜಾಸ್ತಿ. ಒಂದು ಗಂಟೆ ಓಡಾಡಿ, ಆಮೇಲೆ ಚಾಪೆ ಹಾಸಿ.

ಸುಮ್ನೆ ಸೊಂಟದ ಬೆಲ್ಟ್‌ಗೆ ದುಡ್ಡು ಹಾಕಬೇಡಿ. ದೀರ್ಘಕಾಲದ ಸೊಂಟ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ಮಾರ್ಗಸೂಚಿ ವ್ಯಾಯಾಮ ಮಾಡಿ ಎನ್ನುತ್ತದೆ, ಬೆಲ್ಟ್ ಬೇಡ ಎನ್ನುತ್ತದೆ.

ಒಂದು ಮಾತು ದಯವಿಟ್ಟು ನೆನಪಿಡಿ. ಬೆಳಗ್ಗೆ ಅರ್ಧ ಗಂಟೆಗಿಂತ ಜಾಸ್ತಿ ಬೆನ್ನು ಮರಗಟ್ಟಿದಂತಿದ್ದು, ಮಲಗಿದರೆ ನೋವು ಹೆಚ್ಚಿ, ಓಡಾಡಿದರೆ ಕಡಿಮೆಯಾಗುತ್ತಿದ್ದರೆ ಅದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ (ಬೆನ್ನುಮೂಳೆಯ ಕೀಲುಗಳು ಉರಿಯೂತದಿಂದ ಬಿಗಿಯುವ ಕಾಯಿಲೆ) ಇರಬಹುದು. ಅದು ಸಾಮಾನ್ಯವಾಗಿ ಶುರುವಾಗುವುದೇ ಹರೆಯದಲ್ಲಿ. ಸಂಧಿವಾತದ ವೈದ್ಯರನ್ನು ನೋಡಿ. ಕಾಲಿನ ಶಕ್ತಿ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಉಳಿದವರು ನಾಳೆ ಬಕೆಟ್ ಎತ್ತುವ ಮೊದಲು ಒಂದು ಕೈ ಸೊಂಟದ ಹಿಂದೆ ಇಟ್ಟುಕೊಳ್ಳಿ. ಮೊಣಕಾಲು ಮಡಚಿ, ಕುಂಡಿ ಹಿಂದಕ್ಕೆ ತಳ್ಳಿ ಬಾಗಿ. ಆ ಬಾಗು ಕೈಗೆ ಹಾಗೇ ಸಿಗುತ್ತಿದ್ದರೆ ಎತ್ತಿ.