ಕೆಸರಿನಲ್ಲಿದ್ದ ಬೆಳ್ಳಿಯ ಜಮಾ-ಖರ್ಚು

ಸಿಲ್ವರ್ ನೈಟ್ರೇಟ್ ದ್ರಾವಣವನ್ನು ಹನಿಹನಿಯಾಗಿ ಹಾಕಿ ಕ್ಲೋರೈಡನ್ನು ಅಳೆಯುವ ಟೈಟ್ರೇಷನ್ ಮುಗಿದ ಮೇಲೆ ಉಳಿಯುವ ಬಿಳಿಯ ಕೆಸರಿನಿಂದ ಸಿಲ್ವರ್ ನೈಟ್ರೇಟನ್ನು ಮರಳಿ ಪಡೆಯುತ್ತೇನೆ ಎಂದು ನಾನು ಹೇಳಿದಾಗ, ಪ್ರಯೋಗಾಲಯದ ಹಿರಿಯರೊಬ್ಬರು "ಪಡೆಯಬಹುದು, ಆದರೆ ಖರ್ಚು ಕೂಡಿ ನೋಡಿ, ಹೊಸ ಬಾಟಲಿಯೇ ಅಗ್ಗ" ಎಂದಿದ್ದರು. ಎರಡು ವರ್ಷ ಅವರ ಮಾತೇ ಗೆದ್ದಿತು. ನಮ್ಮ ವರ್ಷದ ರಾಸಾಯನಿಕಗಳ ಖರ್ಚಿನಲ್ಲಿ ಹೆಚ್ಚುಕಡಿಮೆ ಅರ್ಧ ಈ ಒಂದೇ ಲವಣಕ್ಕೆ ಹೋಗುತ್ತಿದ್ದುದರಿಂದ ನಾನೂ ಪಟ್ಟು ಬಿಡಲಿಲ್ಲ. ಮೂರನೆಯ ವರ್ಷ ಕೆಲಸ ಕೈಗೂಡಿತು. ಕೈಗೂಡಿಸಿದ್ದು ಹೊಸ ಉಪಕರಣವಲ್ಲ, ಹೊಸ ರಾಸಾಯನಿಕವೂ ಅಲ್ಲ. ಲೆಕ್ಕ ಬರೆಯುವ ಕ್ರಮವನ್ನು ಬದಲಿಸಿದ್ದು ಮಾತ್ರ.

ಮೊದಲ ವರ್ಷದ ತಪ್ಪು ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದು. ಸೋಸಿದ ಸಿಲ್ವರ್ ಕ್ಲೋರೈಡನ್ನು ಹಸಿಯಾಗಿಯೇ ತೂಗಿದೆ. ಸುಮಾರು 170 ಗ್ರಾಂ ಬಂದಿತು. ಅದನ್ನು ಒಂದು ಮೋಲ್‌ನ (ಕಣಗಳನ್ನು ಎಣಿಸುವ ಅಳತೆ) ತೂಕವಾದ 143.3ರಿಂದ ಭಾಗಿಸಿ 1.19 ಮೋಲ್ ಎಂದು ಬರೆದುಕೊಂಡು, ಒಂದಕ್ಕೆ ಒಂದು ಎಂದು ತಿಳಿದು 78 ಗ್ರಾಂ ಸತುವಿನ ಪುಡಿಯನ್ನು ಹಾಕಿದೆ. ಒಂದು ಮೋಲ್ ಸತು ಎರಡು ಮೋಲ್ ಸಿಲ್ವರ್ ಕ್ಲೋರೈಡನ್ನು ಬೆಳ್ಳಿಯಾಗಿಸುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ, ಆ ಹೊತ್ತಿಗೆ ಸಮೀಕರಣವನ್ನು ಬರೆದು ನೋಡಲಿಲ್ಲ ಅಷ್ಟೆ. ಆಮೇಲೆ ಬಾಟಲಿಯಿಂದ ತೆಗೆದ ಸಿಲ್ವರ್ ನೈಟ್ರೇಟನ್ನು ಬರೆದಿಡುವ ಪುಸ್ತಕ ತೆರೆದು ನೋಡಿದರೆ ಕೆಸರಿನ ಡಬ್ಬಿಯಲ್ಲಿ ಇದ್ದದ್ದು 700 ಮಿಲಿಮೋಲ್, ಅಂದರೆ ಒಣಗಿದ ಲೆಕ್ಕದಲ್ಲಿ 100 ಗ್ರಾಂ. ಉಳಿದ 70 ಗ್ರಾಂ ಬರೀ ನೀರು. ಬೇಕಾಗಿದ್ದ ಸತು 23 ಗ್ರಾಂ. ಹೆಚ್ಚಾದ ಸತುವನ್ನು ನೀರು ಬೆರೆಸಿದ ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿ ತೆಗೆಯಲು ಎರಡು ದಿನ ಹಿಡಿಯಿತು. ಅಷ್ಟಾದರೂ ಬೆಳ್ಳಿ ಶುದ್ಧವಾಗಲಿಲ್ಲ, ಸತುವಿಗೂ ಆಮ್ಲಕ್ಕೂ ಕೊಟ್ಟ ಹಣ ನೀರಿಗೆ ಹೋಯಿತು.

ಎರಡನೆಯ ವರ್ಷ ಸತುವನ್ನು ಬಿಟ್ಟು ಸೋಡಿಯಂ ಹೈಡ್ರಾಕ್ಸೈಡ್ ಮತ್ತು ಗ್ಲೂಕೋಸ್ ಹಿಡಿದೆ. ಈ ಬಾರಿ ಕೆಸರನ್ನು ತೂಗಲಿಲ್ಲ. ವರ್ಷವಿಡೀ ಬಾಟಲಿಯಿಂದ ಎಷ್ಟು ಸಿಲ್ವರ್ ನೈಟ್ರೇಟ್ ತೆಗೆದಿದ್ದೇವೆ ಎಂಬುದನ್ನು ಕೂಡಿದೆ. ತೆಗೆದದ್ದೆಲ್ಲ ಕೊನೆಗೆ ಬಂದು ಸೇರುವುದು ಕೆಸರಿನ ಡಬ್ಬಿಗೇ ಆದ್ದರಿಂದ, ಡಬ್ಬಿಯಲ್ಲಿ ಎಷ್ಟಿದೆ ಎಂದು ಡಬ್ಬಿಯನ್ನು ಕೇಳುವ ಅಗತ್ಯವಿಲ್ಲ, ಪುಸ್ತಕವನ್ನು ಕೇಳಿದರೆ ಸಾಕು. ಆ ಸಲ 740 ಮಿಲಿಮೋಲ್ ಎಂದು ಬಂದಿತು. ಇಷ್ಟು ಸರಿಯಾಗಿತ್ತು. ಆದರೆ ಕ್ಷಾರದ ಲೆಕ್ಕದಲ್ಲಿ ಎಡವಿದೆ. ಎರಡು ಕ್ಲೋರೈಡ್‌ಗೆ ಎರಡು ಹೈಡ್ರಾಕ್ಸೈಡ್ ಸಾಕೆಂದು 30 ಗ್ರಾಂ ಹಾಕಿದೆ. ಗ್ಲೂಕೋಸ್ ಉತ್ಕರ್ಷಣಗೊಂಡು ಗ್ಲೂಕೋನಿಕ್ ಆಮ್ಲವಾಗುತ್ತದೆ, ಆ ಆಮ್ಲವೂ ತನ್ನ ಪಾಲಿಗೆ ಒಂದು ಹೈಡ್ರಾಕ್ಸೈಡನ್ನು ತಿನ್ನುತ್ತದೆ ಎಂಬುದನ್ನು ಮರೆತಿದ್ದೆ. ಎರಡು ಬೆಳ್ಳಿಗೆ ಮೂರು ಹೈಡ್ರಾಕ್ಸೈಡ್ ಬೇಕು, ಅಂದರೆ ಕಡಿಮೆಯೆಂದರೂ 44 ಗ್ರಾಂ. ಇದು ಸಾಲದೆಂಬಂತೆ, ಸೋಡಿಯಂ ಹೈಡ್ರಾಕ್ಸೈಡ್ ಗುಳಿಗೆಗಳ ಬಾಟಲಿ ಹಳೆಯದಾಗಿದ್ದು ತೇವವನ್ನೂ ಗಾಳಿಯ ಇಂಗಾಲದ ಡೈಆಕ್ಸೈಡನ್ನೂ ಹೀರಿಕೊಂಡಿತ್ತು. ತಡವಾಗಿ ಆಕ್ಸಾಲಿಕ್ ಆಮ್ಲದೊಂದಿಗೆ ಟೈಟ್ರೇಟ್ ಮಾಡಿದಾಗ ನೂರಕ್ಕೆ ತೊಂಬತ್ತರಷ್ಟು ಮಾತ್ರ ಹೈಡ್ರಾಕ್ಸೈಡ್ ಇತ್ತು. ನಾನು ಹಾಕಿದ 30 ಗ್ರಾಂ ವಾಸ್ತವದಲ್ಲಿ 27 ಗ್ರಾಂ. ಬೂದುಬಣ್ಣದ ಪುಡಿಯ ಒಂದು ಚಿಟಿಕೆಯನ್ನು ತೊಳೆದು ನೈಟ್ರಿಕ್ ಆಮ್ಲಕ್ಕೆ ಹಾಕಿದಾಗ ತಳದಲ್ಲಿ ಬಿಳಿಯ ಕ್ಲೋರೈಡ್ ಕರಗದೆ ಕುಳಿತಿತು. ಬರಬೇಕಾದ 80 ಗ್ರಾಂ ಬೆಳ್ಳಿಯಲ್ಲಿ ಸುಮಾರು 45 ಗ್ರಾಂ ಸಿಕ್ಕಿತು.

ಕ್ಲೋರೈಡ್ ಉಳಿದಿದೆಯೇ ಎಂದು ನೋಡಲು ಅಮೋನಿಯಾ ಸುರಿಯುವ ಅಭ್ಯಾಸ ಕೆಲವರಿಗಿದೆ. ಕ್ಷಾರ ಮತ್ತು ಸಿಲ್ವರ್ ಆಕ್ಸೈಡ್ ಇರುವ ಪಾತ್ರೆಗೆ ಅದನ್ನು ಖಂಡಿತ ಹಾಕಬಾರದು. ಹಾಗೇ ಬಿಟ್ಟರೆ, ಸಿಡಿಯುವ ವಸ್ತು ಹುಟ್ಟುತ್ತದೆ. ಹಾಗೆಯೇ ಬೆಳ್ಳಿಯನ್ನು ಆಲ್ಕೋಹಾಲಿನಿಂದ ತೊಳೆದು ನೇರವಾಗಿ ನೈಟ್ರಿಕ್ ಆಮ್ಲಕ್ಕೆ ಒಯ್ಯಬಾರದು.

ಮೂರನೆಯ ವರ್ಷ ನಾನು ಗ್ರಾಂಗಳನ್ನು ಪುಸ್ತಕದ ಅಂಚಿಗೆ ತಳ್ಳಿ, ನಡುವಿನ ಕಲಂಗಳನ್ನೆಲ್ಲ ಮಿಲಿಮೋಲ್‌ನಲ್ಲಿ ಬರೆಯತೊಡಗಿದೆ. ಅಂಗಡಿಯ ಜಮಾ-ಖರ್ಚಿನ ಹಾಗೆ ಪ್ರತಿ ಹಂತಕ್ಕೂ ಮೂರು ಸಾಲು: ಜಮಾ, ಖರ್ಚು, ಬಾಕಿ. ತೂಗುವ ಮುನ್ನ ಗ್ರಾಂಗೆ ಪರಿವರ್ತಿಸಿ, ಆ ಬಾಟಲಿಯ ಶುದ್ಧತೆಯಿಂದ ಭಾಗಿಸುವುದು. ಯಾವ ಸಾಲಿನ ಬಾಕಿ ಮೊದಲು ಸೊನ್ನೆಗೆ ಬರುತ್ತದೆಯೋ ಅದೇ ಪ್ರತಿಕ್ರಿಯೆಗೆ ಮಿತಿ ಹಾಕುವ ವಸ್ತು. ಅದು ಬೆಳ್ಳಿಯೇ ಆಗಿರಬೇಕು, ಬೇರೆ ಯಾವುದಾದರೂ ಆಗಿದ್ದರೆ ಪಾತ್ರೆಯನ್ನು ಮುಟ್ಟಬಾರದು. ಆ ವರ್ಷ ಪುಸ್ತಕದಲ್ಲಿ 130 ಗ್ರಾಂ ಸಿಲ್ವರ್ ನೈಟ್ರೇಟ್ ಖರ್ಚಾಗಿತ್ತು, ಅಂದರೆ 765 ಮಿಲಿಮೋಲ್. ಹೈಡ್ರಾಕ್ಸೈಡ್ 1150ರ ಸುತ್ತ ಬೇಕು, ಗ್ಲೂಕೋಸ್ 383. ನಮ್ಮ ಗ್ಲೂಕೋಸ್ ಬಾಟಲಿಯ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ ಮಾನೋಹೈಡ್ರೇಟ್ (ಅಣುವಿಗೊಂದು ನೀರು ಸೇರಿದ ರೂಪ) ಎಂದಿದ್ದುದನ್ನು ಈ ಕ್ರಮದಿಂದಾಗಿಯೇ ಗಮನಿಸಿದೆ. 180ರ ಬದಲು 198ರಿಂದ ಗುಣಿಸಬೇಕಾಯಿತು. ಇವೆರಡನ್ನೂ ಲೆಕ್ಕಕ್ಕಿಂತ ಎಷ್ಟು ಹೆಚ್ಚು ಹಾಕಿದೆ, ಯಾವ ಬಿಸಿಯಲ್ಲಿ ಹಾಕಿದೆ ಎಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಎರಡು ವರ್ಷ ಕೈ ಸುಟ್ಟುಕೊಂಡು ಕಲಿತದ್ದು ಅದು. ತೊಳೆದು ಒಣಗಿಸಿದಾಗ 78 ಗ್ರಾಂ ಬೆಳ್ಳಿ ತೂಗಿತು, 723 ಮಿಲಿಮೋಲ್. ನೂರಕ್ಕೆ ತೊಂಬತ್ತನಾಲ್ಕು.

ನಡುವೆ ತೊಳೆದ ನೀರಿನ ಮೇಲೆ ಒಂದು ಪ್ರಯೋಗ ನಡೆಸಿದೆ. ನಮ್ಮ ಟೈಟ್ರೇಷನ್ ಮೋರ್ ವಿಧಾನದ್ದು, ಅದರಲ್ಲಿ ಮುಗಿತಾಯವನ್ನು ಬಣ್ಣದಿಂದ ತೋರಿಸಲು ಹಾಕುವ ಕ್ರೋಮೇಟನ್ನು ತೆಗೆಯಲು ಕೆಸರನ್ನು ನೀರು ಬೆರೆಸಿದ ನೈಟ್ರಿಕ್ ಆಮ್ಲದಲ್ಲಿ ತೊಳೆಯುತ್ತೇನೆ, ಆಗ ಸಿಲ್ವರ್ ಕ್ರೋಮೇಟ್ ಕರಗಿ ಅದರೊಂದಿಗೆ ಸ್ವಲ್ಪ ಬೆಳ್ಳಿಯೂ ಹೊರಟುಹೋಗುತ್ತದೆ. ಆ ನೀರಿಗೆ ತಾಮ್ರದ ತಂತಿ ಇಳಿಬಿಟ್ಟು, ತಂತಿ ಕಳೆದುಕೊಂಡ ತೂಕದಿಂದಲೇ ಬೆಳ್ಳಿಯನ್ನು ಅಳೆಯಬಹುದೇ ಎಂದು ನೋಡಿದೆ. ಒಂದು ಗ್ರಾಂ ತಾಮ್ರ ಕರಗಿದರೆ 3.4 ಗ್ರಾಂ ಬೆಳ್ಳಿ ಕೂರಬೇಕು. ನನಗೆ 3ರ ಆಸುಪಾಸಿನಲ್ಲಿ ಬಂದಿತು, ಏಕೆಂದರೆ ಆಮ್ಲೀಯ ಕ್ರೋಮೇಟೂ ತಾಮ್ರವನ್ನು ತಿನ್ನುತ್ತದೆ. ಅಳತೆಗೆ ಇದು ಬಾರದು. ಈಗ ಆ ನೀರಿಗೆ ಉಪ್ಪು ಹಾಕಿ ಬೆಳ್ಳಿಯನ್ನು ಕ್ಲೋರೈಡ್ ಆಗಿ ಹಿಡಿದಿಡುತ್ತೇನೆ. ಕ್ರೋಮಿಯಂ ಇರುವ ಉಳಿದ ದ್ರವ ಬೇರೆ ಡಬ್ಬಿಗೆ ಹೋಗುತ್ತದೆ.

ಬೆಳ್ಳಿಯನ್ನು ನೈಟ್ರೇಟ್ ಮಾಡುವಾಗಿನ ಆಮ್ಲದ ಲೆಕ್ಕ ಬೇರೆಯೇ ಸ್ವಭಾವದ್ದು. ಸಾಂದ್ರ ನೈಟ್ರಿಕ್ ಆಮ್ಲದಲ್ಲಿ ಒಂದು ಬೆಳ್ಳಿಗೆ ಎರಡು ಆಮ್ಲ ಬೇಕು, ಕಂದು ಹೊಗೆ ಏಳುತ್ತದೆ. ನೀರು ಬೆರೆಸಿದ ಆಮ್ಲದಲ್ಲಿ ಮೂರು ಬೆಳ್ಳಿಗೆ ನಾಲ್ಕು ಸಾಕು. ನನ್ನ 723 ಮಿಲಿಮೋಲ್‌ಗೆ ಬಾಟಲಿಯ ಆಮ್ಲ ಮೊದಲ ಲೆಕ್ಕದಂತೆ 92 ಮಿಲಿಲೀಟರ್, ಎರಡನೆಯದರಂತೆ 61. ಸಮಪಾಲು ನೀರು ಬೆರೆಸಿ ಮಾಡಿದಾಗ ಖರ್ಚಾದದ್ದು 70ಕ್ಕಿಂತ ಸ್ವಲ್ಪ ಹೆಚ್ಚು. ಹಿಂದಿನ ವರ್ಷ ಇಲ್ಲಿಯೂ ಒಂದು ತಪ್ಪು ಮಾಡಿದ್ದೆ: ಚೀಟಿಯ 70 ಪ್ರತಿಶತವನ್ನು ನೂರು ಮಿಲಿಲೀಟರಿಗೆ 70 ಗ್ರಾಂ ಎಂದು ಓದಿ, ಲೀಟರಿಗೆ 11 ಮೋಲ್ ಎಂದು ಹಿಡಿದಿದ್ದೆ. ಅದು ತೂಕದ ಪ್ರತಿಶತ, 1.42ರ ಸಾಂದ್ರತೆಯಿಂದ ಗುಣಿಸಿದರೆ 15.8 ಮೋಲ್ ಆಗುತ್ತದೆ. ಹೆಚ್ಚಾದ ಆಮ್ಲವನ್ನು ಆವಿಯಾಗಿಸಲು ಫ್ಯೂಮ್ ಹುಡ್ ಎರಡು ದಿನ ಬೇರೆ ಯಾರಿಗೂ ಸಿಗಲಿಲ್ಲ, ಮಾತು ಕೇಳಬೇಕಾಯಿತು.

ಕೊನೆಗೆ 117 ಗ್ರಾಂ ಹರಳು ಸಿಕ್ಕಿತು, ಆರಂಭದ 130ಕ್ಕೆ ನೂರಕ್ಕೆ ತೊಂಬತ್ತು. ಲೀಟರಿಗೆ 16.99 ಗ್ರಾಂ ಕರಗಿಸಿ, ಒಣಗಿಸಿದ ಸೋಡಿಯಂ ಕ್ಲೋರೈಡಿನ 0.1 ಮೋಲಾರ್ ದ್ರಾವಣದ 25 ಮಿಲಿಲೀಟರಿಗೆ ಹಾಕಿ ನೋಡಿದಾಗ 25.3 ಹಿಡಿಯಿತು, ಬಲ 0.0988 ಮೋಲಾರ್. ಕ್ಷಾರ, ಗ್ಲೂಕೋಸ್, ಆಮ್ಲ, ಸೋಸು ಕಾಗದ ಎಲ್ಲವೂ ಸೇರಿ ಹೊಸ ಬಾಟಲಿಯ ಬೆಲೆಯ ಹತ್ತನೆಯ ಒಂದು ಪಾಲೂ ಆಗಿರಲಿಲ್ಲ. ಹಿರಿಯರಿಗೆ ಪುಸ್ತಕ ತೋರಿಸಿದೆ. ಅವರು ಮೊತ್ತಗಳನ್ನು ಎರಡು ಸಲ ಕೂಡಿ ನೋಡಿ, ಹರಳಿನಿಂದ ಬೇರ್ಪಟ್ಟ ದ್ರವದಲ್ಲಿ ಉಳಿದದ್ದನ್ನು ಎಲ್ಲಿ ಬರೆದಿದ್ದೀರಿ ಎಂದು ಕೇಳಿದರು. ಅದೂ ಉಪ್ಪಿನ ನೀರಿನ ಬಾಟಲಿಗೆ ಸೇರಿತ್ತು; ಸುಮಾರು 30 ಮಿಲಿಮೋಲ್ ಎಂದು ಮುಂದಿನ ವರ್ಷದ ಹಾಳೆಯ ಜಮಾ ಕಲಂನಲ್ಲಿ ಅವರ ಎದುರಿಗೇ ಬರೆದೆ.