ಪ್ರಮಾಣಪತ್ರ ರದ್ದಾಗಿದೆಯೇ? ಪಟ್ಟಿ ತೆಗೆದು ನೋಡಿ

ಜಾಲತಾಣ ಆ ವಿಳಾಸದ್ದೇ ಎಂದು ಬ್ರೌಸರಿಗೆ ಸಾಬೀತುಪಡಿಸುವ ಸುರಕ್ಷತಾ ಪ್ರಮಾಣಪತ್ರದಲ್ಲಿ ಮುಕ್ತಾಯದ ದಿನಾಂಕ ಇರುತ್ತದೆ. ಅದು ದೂರವಿದೆ ಎಂದು ನಿಶ್ಚಿಂತರಾಗಬೇಡಿ. ತಾಣ ತನ್ನ ಗುರುತು ಸಾಬೀತಿಗೆ ಬಳಸುವ ಗುಪ್ತ ಕೀಲಿ (ರಹಸ್ಯ ಸಂಕೇತ) ಕಳುವಾದರೆ ಅಥವಾ ಪತ್ರವನ್ನು ತಪ್ಪಾಗಿ ಕೊಟ್ಟಿದ್ದರೆ, ಕೊಟ್ಟ ಸಂಸ್ಥೆಯೇ ಅದನ್ನು ನಡುವೆ ರದ್ದು ಮಾಡುತ್ತದೆ. ನಮ್ಮಲ್ಲೂ ಹೀಗಾಗಿದೆ. 2014ರ ಜುಲೈನಲ್ಲಿ ಗೂಗಲ್ ತಾಣಗಳ ಹೆಸರಿನಲ್ಲಿ ಅನಧಿಕೃತ ಪ್ರಮಾಣಪತ್ರಗಳು ಪತ್ತೆಯಾದವು. ಅವು ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆಯಾದ ಎನ್‌ಐಸಿ ಮೂಲಕ ಹೊರಟಿದ್ದರಿಂದ, ಪ್ರಮಾಣಪತ್ರ ಕೊಡುವ ಸಂಸ್ಥೆಗಳ ಮೇಲಿನ ಭಾರತದ ನಿಯಂತ್ರಕ ಪ್ರಾಧಿಕಾರವು ಎನ್‌ಐಸಿಯ ಪ್ರಮಾಣಪತ್ರಗಳನ್ನೇ ರದ್ದುಪಡಿಸಿತು.

ರದ್ದಾದ ಸುದ್ದಿ ಪತ್ರದ ಮೇಲೆ ಕಾಣುವುದಿಲ್ಲ, ಕೊಟ್ಟ ಸಂಸ್ಥೆಯ ರದ್ದತಿ ಪಟ್ಟಿಯಲ್ಲಿರುತ್ತದೆ. ಕ್ರೋಮ್ ಬ್ರೌಸರ್ ಸಾಮಾನ್ಯವಾಗಿ ಆ ಪೂರ್ತಿ ಪಟ್ಟಿಯನ್ನು ತರಿಸುವುದಿಲ್ಲ. ಗೂಗಲ್ ಆಯ್ದು ಕಳಿಸುವ ಚಿಕ್ಕ ಪಟ್ಟಿಯನ್ನಷ್ಟೇ ನೋಡುತ್ತದೆ. ಆದ್ದರಿಂದ ಅನುಮಾನ ಬಂದಾಗ ನಾವೇ ನೋಡುವುದು ಕ್ಷೇಮ.

ಕಂಪ್ಯೂಟರಿನ ಕ್ರೋಮ್‌ನಲ್ಲಿ ತಾಣವನ್ನು ತೆರೆಯಿರಿ. ವಿಳಾಸದ ಎಡಬದಿಯ ಗುರುತನ್ನು ಒತ್ತಿ ‘ಕನೆಕ್ಷನ್ ಈಸ್ ಸೆಕ್ಯೂರ್’, ಬಳಿಕ ‘ಸರ್ಟಿಫಿಕೇಟ್ ಈಸ್ ವ್ಯಾಲಿಡ್’ ಆರಿಸಿ. ‘ಡೀಟೇಲ್ಸ್’ ಪುಟದಲ್ಲಿ ಸೀರಿಯಲ್ ನಂಬರನ್ನು ನಕಲು ಮಾಡಿಕೊಳ್ಳಿ. ಅಂಕಿಗಳ ನಡುವೆ ಎ ಇಂದ ಎಫ್‌ವರೆಗಿನ ಇಂಗ್ಲಿಷ್ ಅಕ್ಷರಗಳೂ ಬೆರೆತಿರುವ ಉದ್ದನೆಯ ಸಂಖ್ಯೆ ಅದು. ಕೈಯಲ್ಲಿ ಬರೆದುಕೊಳ್ಳಲು ಹೋದರೆ ತಪ್ಪುವುದು ಸುಲಭ.

ಅಲ್ಲೇ ಕೆಳಗೆ ‘ಸಿಆರ್‌ಎಲ್ ಡಿಸ್ಟ್ರಿಬ್ಯೂಷನ್ ಪಾಯಿಂಟ್ಸ್’ ಎಂಬಲ್ಲಿ ರದ್ದತಿ ಪಟ್ಟಿಯ (ಸಿಆರ್‌ಎಲ್) ವಿಳಾಸ ಸಿಗುತ್ತದೆ. ಅದು ‘ಎಚ್‌ಟಿಟಿಪಿಎಸ್’ ಬದಲು ಬರೀ ‘ಎಚ್‌ಟಿಟಿಪಿ’ ಎಂದು ಆರಂಭವಾದರೆ ಗಾಬರಿ ಬೇಡ. ಪಟ್ಟಿಗೆ ಸಂಸ್ಥೆಯ ಡಿಜಿಟಲ್ ಸಹಿ ಇರುತ್ತದೆ, ದಾರಿಯಲ್ಲಿ ಯಾರಾದರೂ ತಿದ್ದಿದರೆ ಅದರಿಂದ ಪತ್ತೆಯಾಗುತ್ತದೆ. ವಿಳಾಸವನ್ನು ಹೊಸ ಟ್ಯಾಬಿನಲ್ಲಿ ಅಂಟಿಸಿ ಕಡತವನ್ನು ಇಳಿಸಿಕೊಳ್ಳಿ.

ವಿಂಡೋಸ್‌ನಲ್ಲಿ ಆ ಕಡತದ ಮೇಲೆ ಎರಡು ಬಾರಿ ಕ್ಲಿಕ್ಕಿಸಿ ‘ರಿವೊಕೇಷನ್ ಲಿಸ್ಟ್’ ಪುಟಕ್ಕೆ ಹೋದರೆ ಎಡಕ್ಕೆ ಸಂಖ್ಯೆ, ಬಲಕ್ಕೆ ರದ್ದಾದ ದಿನಾಂಕ. ಸಾಲುಗಳು ಸಾವಿರಾರು ಇದ್ದರೂ ಇರಬಹುದು. ಕೊನೆಯ ಆರು ಅಕ್ಷರಗಳನ್ನು ಮೊದಲು ಹೋಲಿಸಿ, ಸಾಲು ಸಿಕ್ಕ ಮೇಲೆ ಪೂರ್ತಿ ತಾಳೆ ನೋಡಿ. ಆ ಸಾಲನ್ನು ಒತ್ತಿದರೆ ಕೆಲವೊಮ್ಮೆ ಕಾರಣವೂ ಕಾಣುತ್ತದೆ. ‘ಕೀ ಕಾಂಪ್ರಮೈಸ್’ ಎಂದಿದ್ದರೆ ಗುಪ್ತ ಕೀಲಿ ಸೋರಿದೆ ಎಂದರ್ಥ. ಆ ತಾಣದಲ್ಲಿ ಪಾಸ್‌ವರ್ಡ್, ಒಟಿಪಿ ಏನನ್ನೂ ಕೊಡಬೇಡಿ.

ಇಷ್ಟೆಲ್ಲ ಬೇಡವೆನ್ನುವವರು ಜಾಲತಾಣಗಳ ಸುರಕ್ಷತೆ ಪರೀಕ್ಷಿಸುವ ಎಸ್‌ಎಸ್‌ಎಲ್ ಲ್ಯಾಬ್ಸ್ ತಾಣದಲ್ಲಿ ವಿಳಾಸ ಕೊಟ್ಟು, ವರದಿಯ ‘ರಿವೊಕೇಷನ್ ಸ್ಟೇಟಸ್’ ಸಾಲನ್ನು ಓದಬಹುದು. ಹಳೆಯ ಮಾರ್ಗದರ್ಶಿಗಳು ಹೇಳುವ ಓಸಿಎಸ್‌ಪಿ ದಾರಿ, ಅಂದರೆ ಒಂದೊಂದೇ ಪತ್ರದ ಸ್ಥಿತಿಯನ್ನು ಕೊಟ್ಟ ಸಂಸ್ಥೆಯನ್ನೇ ಆನ್‌ಲೈನ್‌ನಲ್ಲಿ ಕೇಳುವುದು, ಎಲ್ಲೆಡೆ ಸಾಗದು. ಉಚಿತವಾಗಿ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಆ ಸೇವೆಯನ್ನು 2025ರ ಆಗಸ್ಟ್ 6ರಂದು ನಿಲ್ಲಿಸಿದೆ.

ಇಳಿಸಿಕೊಂಡ ಪಟ್ಟಿಯಲ್ಲಿ ನಿಮ್ಮ ಸಂಖ್ಯೆ ಸಿಗದಿದ್ದರೆ ಅದೇ ಕಡತದ ‘ಜನರಲ್’ ಪುಟದ ‘ನೆಕ್ಸ್ಟ್ ಅಪ್‌ಡೇಟ್’ ದಿನಾಂಕವನ್ನೂ ನೋಡಿ. ಅದು ದಾಟಿದ್ದರೆ ನಿಮ್ಮ ಕೈಯಲ್ಲಿರುವುದು ಹಳೆಯ ಪಟ್ಟಿ. ಹೊಸದನ್ನು ಇಳಿಸಿ ಮತ್ತೆ ಹುಡುಕಿ.